ಕಾಟಾ ಹತ್ತಿದ ಫುಟ್‌ಬಾಲ್ ಕ್ಲಬ್ಬು

ನಮ್ಮ ಸೋದರಮಾವ ದೇವರನ್ನು ನಂಬುತ್ತಿದ್ದರು. ಆದರೆ ಪೂರ್ತಿಯಾಗಿ ಅಲ್ಲ! ಹಂಪಿಯ ವಿರೂಪಾಕ್ಷನಿಗೆ ಕಾಯಿ ಒಡೆಸಲು ಹೋಗುವಾಗ ತೆಂಗಿನಕಾಯಿಯ ಎರಡೂ ಬದಿಗೆ ಇದ್ದಿಲಿನಿಂದ ಸಣ್ಣ ಗುರುತು ಹಾಕಿಕೊಂಡು ಹೋಗುತ್ತಿದ್ದರು. ಪೂಜೆ ಮುಗಿದು ಕೈಗೆ ಬಂದ ಹೋಳನ್ನು ತಿರುಗಿಸಿ ನೋಡಿ, ಗುರುತು ಕಂಡ ಮೇಲೇ ಕಣ್ಣಿಗೆ ಒತ್ತಿಕೊಳ್ಳುವುದು. "ಅಲ್ರೀ, ದೇವ್ರ ಎದುರಿಗೂ ಅನುಮಾನ ಮಾಡ್ತಾರೇನು?" ಎಂದು ಅತ್ತೆ ಸಿಡುಕಿದರೆ, "ದೇವ್ರ ಮ್ಯಾಲ ನಂಗೇನೂ ಅನುಮಾನ ಇಲ್ಲ. ಆದ್ರ ಕಾಯಿ ಅದಲುಬದಲಾದ್ರ ಪಾಪ ಅವನಿಗೂ ಕೆಟ್ಟ ಹೆಸರು" ಎನ್ನುತ್ತಿದ್ದರು.

ಇಂಥವರು ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದರು. ಗಿರಣಿಯ ಬಾಗಿಲಿಗೆ ಎರಡು ಬೀಗ. ಒಂದು ಕಳ್ಳರಿಗೆ, ಇನ್ನೊಂದು ಮೊದಲನೆಯ ಬೀಗ ಮಾಡಿದವನಿಗೆ. ಸುಡುಬಿಸಿಲಿನಲ್ಲೂ ಉದ್ದನೆಯ ಕರೀ ಕೋಟು ತೆಗೆಯುತ್ತಿರಲಿಲ್ಲ. ಕೋಟು ತೆಗೆದಿಟ್ಟರೆ ಜೇಬು ಅನಾಥವಾಗುತ್ತದಲ್ಲ! ಇಂಥ ಮನುಷ್ಯ ಒಂದು ಫುಟ್‌ಬಾಲ್ ಕ್ಲಬ್ಬು ಕಟ್ಟಿದರು, ಅದು ಎರಡೇ ವರ್ಷದಲ್ಲಿ ಮದ್ರಾಸಿನವರೆಗೆ ಹೋಗಿ ಆಡಿತು ಎಂದರೆ ನಂಬುತ್ತೀರಾ? ನಂಬಬೇಡಿ. ಮಾವ ಇದ್ದಿದ್ದರೆ ಅವರೂ ನಿಮಗೆ ಅದೇ ಬುದ್ಧಿ ಹೇಳುತ್ತಿದ್ದರು.

ಕ್ಲಬ್ಬು ಹುಟ್ಟಿದ್ದೇ ಅನುಮಾನದಿಂದ. ಕಂಪ್ಲಿಯಲ್ಲಿ ಮಾವನಷ್ಟೇ ದೊಡ್ಡ ಗಿರಣಿಯ ಸಾವುಕಾರರೊಬ್ಬರಿದ್ದರು. ಭತ್ತದ ಗಾಡಿಗಳು ಯಾರ ಗಿರಣಿಗೆ ತಿರುಗುತ್ತವೆ ಎಂದು ಇಬ್ಬರಿಗೂ ಯಾವಾಗಲೂ ಪೈಪೋಟಿ. ಒಂದು ದಿನ ಆ ಕಂಪ್ಲಿ ಸಾವುಕಾರರು ಬಳ್ಳಾರಿಯ ಅಂಗಡಿಯಲ್ಲಿ ಫುಟ್‌ಬಾಲು ಕೊಳ್ಳುವುದನ್ನು ಮಾವ ಕಣ್ಣಾರೆ ಕಂಡುಬಿಟ್ಟರು. ಮುಗಿಯಿತು! ರೈಲಿನಲ್ಲಿ ಅದೇ ಯೋಚನೆ, ಊಟಕ್ಕೆ ಕೂತಾಗ ಅದೇ ಯೋಚನೆ.

"ಅಲ್ಲಲೇ ಅಳಿಯಾ, ಅರವತ್ತು ದಾಟಿದ ಮನ್ಷ್ಯಾ. ಮೊಣಕಾಲು ಬ್ಯಾನಿ ಬ್ಯಾರೆ. ಅವಂಗ್ಯಾಕ ಬೇಕು ಚೆಂಡು?"

"ಮೊಮ್ಮಗನಿಗೆ ಇರಬಹುದಲ್ರಿ ಮಾವ."

"ಮೊಮ್ಮಗನಿಗೆ ರಬ್ಬರ್ ಚೆಂಡು ಸಾಲ್ದೇನು? ಇದು ತೊಗಲಿನ ಚೆಂಡು! ಇದ್ರಾಗ ಏನೋ ಮಸಲತ್ತು ಐತಿ."

ಮೂರನೆಯ ದಿನ ಮಸಲತ್ತು ಬಯಲಾಯಿತು, ಮಾವನ ತಲೆಯಲ್ಲಿ. ಚೆಂಡಾಟ ಇಟ್ಟರೆ ಜನ ಸೇರುತ್ತಾರೆ. ಜನ ಸೇರಿದಲ್ಲಿ ಗಾಡಿ ನಿಲ್ಲುತ್ತವೆ. ಗಾಡಿ ನಿಂತಲ್ಲಿ ಭತ್ತ ಇಳಿಯುತ್ತದೆ! ಮಾವ ಮರುದಿನವೇ ಬಳ್ಳಾರಿಗೆ ಹೋಗಿ ಅದೇ ಅಂಗಡಿಯ ಮುಂದೆ ನಿಂತರು. "ಕಂಪ್ಲಿಯವ್ರು ಒಯ್ದಾರಲ್ಲ, ಅದಕಿಂತ ಒಂದು ಸೈಜು ದೊಡ್ಡದು ಕೊಡ್ರಿ." ಎಲ್ಲ ಚೆಂಡೂ ಒಂದೇ ಸೈಜು ಎಂದು ಅಂಗಡಿಯವನು ಹೇಳಿದ. "ಎಲ್ರೂ ಹಂಗ ಅಂತಾರ" ಎಂದು ಮಾವ ಇದ್ದಬದ್ದ ಚೆಂಡನ್ನೆಲ್ಲ ದಾರದಿಂದ ಅಳೆಯಿಸಿ ಒಂದನ್ನು ತಂದರು. ಎಷ್ಟೋ ವರ್ಷದ ಮೇಲೆ ಒಂದು ಮದುವೆಯಲ್ಲಿ ಆ ಕಂಪ್ಲಿ ಸಾವುಕಾರರು ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ಚೆಂಡು ನಿಜಕ್ಕೂ ಮೊಮ್ಮಗನಿಗೇ ಆಗಿತ್ತಂತೆ. ನಾಲ್ಕನೇ ದಿನ ಅವನು ಅದನ್ನು ಈಳಿಗೆಯಿಂದ ಕೊಯ್ದು ಒಳಗೇನಿದೆ ಎಂದು ನೋಡಿದನಂತೆ. ಆದರೆ ಅಷ್ಟರಲ್ಲಿ ನಮ್ಮ ಕ್ಲಬ್ಬು ಹುಟ್ಟಿದ್ದನ್ನು ಕಂಡು ಕಂಪ್ಲಿಯವರಿಗೂ ಅನುಮಾನ ಬಂದು ಅವರೂ ಒಂದು ಕ್ಲಬ್ಬು ಕಟ್ಟಿದರು. "ನೋಡಿದೇನು? ನಾ ಹೇಳಿರಲಿಲ್ಲೇನು!" ಎಂದು ಮಾವ ತೊಡೆ ತಟ್ಟಿದರು.

ನಮ್ಮ ಹನ್ನೊಂದು ಜನರಲ್ಲಿ ಆರು ಮಂದಿ ಮೂಟೆ ಹೊರುವ ಹಮಾಲರು, ಮೂವರು ಟಾಂಗಾದವರು, ಒಬ್ಬ ಬಾಳೆಹಣ್ಣಿನ ವ್ಯಾಪಾರಿ. ಗೋಲು ಕಾಯಲು ಮಲಪನಗುಡಿಯ ಹುಲುಗಪ್ಪ. ಅವನೂ ಗಿರಣಿಯ ಹಮಾಲನೇ; ಎರಡು ಮೂಟೆ ಭತ್ತ ಒಟ್ಟಿಗೆ ಬೆನ್ನಿಗೇರಿಸುವ ಆಳು. ಅವನು ಬಾಗಿಲಲ್ಲಿ ನಿಂತರೆ ಒಳಗಿದ್ದವರು ದೀಪ ಹಚ್ಚಬೇಕಿತ್ತು. ನಾನು ಮುನ್ಸಿಪಲ್ ಶಾಲೆಯ ಮಾಸ್ತರ. ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲೆನೆಂದು ಮಾವ ನನ್ನನ್ನು ಸೆಕ್ರೆಟರಿ ಮಾಡಿದರು. ಆದರೆ ನಾನು ಬರೆದ ಪ್ರತಿ ಕಾಗದವನ್ನೂ ಅಂಚೆಗೆ ಹಾಕುವ ಮೊದಲು ಸ್ಟೇಷನ್ ಮಾಸ್ತರರಿಂದ ಓದಿಸಿ ಅರ್ಥ ಕೇಳಿಕೊಂಡು ಬರುತ್ತಿದ್ದರು. ನಾನು ಮುಖ ಊದಿಸಿಕೊಂಡರೆ ಸಮಾಧಾನ ಬೇರೆ! "ನೀನು ನನ್ನ ಸ್ವಂತ ತಂಗಿ ಮಗ ಅಂತ ಒಬ್ರಿಗೇ ತೋರಸ್ತೀನಿ. ಬ್ಯಾರೆಯವ್ರಾಗಿದ್ರ ಇಬ್ರಿಗೆ ತೋರಸ್ತಿದ್ದೆ."

ಖರ್ಚಿಗೆ ಮಾವ ಒಂದು ಉಪಾಯ ಹುಡುಕಿದರು. ನಮ್ಮ ಕಡೆ ಹೆಣ್ಣುಮಕ್ಕಳು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಮಠಕ್ಕೋ ಗುಡಿಗೋ ಎಂದು ಗಡಿಗೆಗೆ ಹಾಕುವ ರೂಢಿ ಉಂಟಲ್ಲ, ಹಾಗೆಯೇ ಗಿರಣಿಯಲ್ಲಿ ಭತ್ತ ಕುಟ್ಟಿಸಿದವರು ಮೂಟೆಗೊಂದು ಹಿಡಿ ಅಕ್ಕಿ ಕ್ಲಬ್ಬಿಗೆ ಹಾಕುವುದು. "ಚೆಂಡಿನ ಹಿಡಿ" ಎಂದು ಅದಕ್ಕೆ ಹೆಸರು. ಆಟ ಗೆದ್ದ ವಾರ ರೈತರು ಎರಡು ಹಿಡಿ ಹಾಕುತ್ತಿದ್ದರು.

ಕ್ಲಬ್ಬು ಶುರುವಾದ ದಿನ ಗಿರಣಿಯಲ್ಲಿ ಪೂಜೆ ಆಯಿತು. ತೊಲೆಗೆ ನೇತುಹಾಕಿದ್ದ, ಮೂಟೆ ತೂಗುವ ದೊಡ್ಡ ತಕ್ಕಡಿ, ಅದಕ್ಕೆ ನಮ್ಮ ಕಡೆ ಕಾಟಾ ಎನ್ನುತ್ತಾರೆ, ಅದರ ಒಂದು ತಟ್ಟೆಯಲ್ಲಿ ಮಾವ ತಾವೇ ಕೂತರು. ಇನ್ನೊಂದಕ್ಕೆ ಅಕ್ಕಿ ಸುರಿದರು. ಏಳು ಮಣ ತೂಗಿದರು! ಆಗಿನ ನಮ್ಮ ಮಣ ಇಪ್ಪತ್ತೈದು ಪೌಂಡು, ಅಂದರೆ ನಲವತ್ತು ಸೇರು. ಮಾವ ಒಳ್ಳೆಯ ದುಂಡಗಿನ ಆಳು. ಆ ಅಕ್ಕಿಯನ್ನು ಆಟಗಾರರಿಗೆ ಹಂಚಿದರು. ಮುಂದೆ ಕ್ಲಬ್ಬಿಗೆ ತೂಕದ ಬುಕ್ಕು ಬಂದಾಗ ಅದರಲ್ಲಿ ಮೊದಲನೇ ಹೆಸರೇ ಮಾವನದು.

ತೂಕದ ಬುಕ್ಕು ಯಾಕೆ ಎಂದು ಕೇಳುತ್ತೀರಾ? ಅದಕ್ಕೆ ಬರುತ್ತೇನೆ. ಮೊದಲು ಚೆಂಡಿನ ವಿಷಯ ಮುಗಿಸೋಣ.

ಚೆಂಡು ಇರುತ್ತಿದ್ದದ್ದು ತಿಜೋರಿಯಲ್ಲಿ. ತಿಜೋರಿಯ ಕೀಲಿ ಮಾವನ ಉಡದಾರದಲ್ಲಿ. ಹೊರಗೆ ಹೋಗುವಾಗ ಚೆಂಡನ್ನು ತೂಗಿ ಕೊಡುವುದು, ಬಂದಾಗ ತೂಗಿ ಇಟ್ಟುಕೊಳ್ಳುವುದು. ಆ ದಿನಗಳಲ್ಲಿ ಮಾವನಿಗೆ ಬಳ್ಳಾರಿ ಕೋರ್ಟಿನಲ್ಲಿ ಯಾವುದೋ ಬದುವಿನ ಕೇಸು. ವಾರಕ್ಕೆ ಐದಾರು ದಿನ ಅವರು ಅಲ್ಲೇ, ಕೀಲಿಯೂ ಅಲ್ಲೇ. ಆಟಗಾರರು ಬಂದು ಗೋಗರೆದರು. "ಕೀಲಿ ಕೊಟ್ಟು ಹೋಗ್ರಿ ಸಾವ್ಕಾರ್ರ." ಮಾವ ಹೇಳಿದ್ದು ಒಂದೇ ಮಾತು. "ಓಡಾಕ ಚೆಂಡ್ಯಾಕ ಬೇಕು? ಕಾಲು ಅದಾವಲ್ಲ!"

ಹೀಗೆ ಕಾಲುವೆ ದಂಡೆಯ ಬಯಲಿನಲ್ಲಿ ನಮ್ಮವರು ಚೆಂಡಿಲ್ಲದೆ ಫುಟ್‌ಬಾಲು ಆಡತೊಡಗಿದರು. ನೋಡಲು ಎರಡು ಕಣ್ಣು ಸಾಲದು! ಒಬ್ಬ ಒದೆಯುತ್ತಾನೆ, ಇನ್ನೊಬ್ಬ ಎದೆಯೊಡ್ಡಿ ತಡೆಯುತ್ತಾನೆ, ಮೂರನೆಯವನು ಓಡುತ್ತಾನೆ. ಜಗಳವೂ ಆಗುತ್ತಿತ್ತು. "ಕೊಟ್ಟೆನಲ್ಲಲೇ, ಎಲ್ಲಿ ನೋಡ್ತಿದ್ದಿ?" "ನೀ ಕೊಟ್ಟಿದ್ದು ಅವಂಗ, ನಂಗ ಬರ್ಲೇ ಇಲ್ಲ!" ಹುಲುಗಪ್ಪನಂತೂ ಇಲ್ಲದ ಚೆಂಡಿಗೆ ಹಾರಿಬಿದ್ದು ಮೊಣಕೈ ತರಚಿಕೊಂಡ. ಎಲ್ಲರೂ ಗೋಲು ಗೋಲು ಎಂದು ಕುಣಿದರೆ ಅವನು ನೆಲದಿಂದಲೇ ಕೂಗಿದ. "ಮ್ಯಾಲಿಂದ ಹೋತು! ನನ್ನಾಣಿ ಮ್ಯಾಲಿಂದ ಹೋತು!"

ಆದರೆ ಮೂರು ತಿಂಗಳಲ್ಲಿ ಒಂದು ವಿಚಿತ್ರ ನಡೆಯಿತು. ಚೆಂಡಿಲ್ಲದ್ದರಿಂದ ನಮ್ಮವರಿಗೆ ಚೆಂಡು ನೋಡುವ ಅಭ್ಯಾಸವೇ ತಪ್ಪಿ, ಒಬ್ಬರ ಮುಖ ಒಬ್ಬರು ನೋಡುವ ಅಭ್ಯಾಸವಾಗಿತ್ತು. ಯಾರು ಎಲ್ಲಿಗೆ ಓಡುತ್ತಾನೆಂದು ಉಳಿದವರಿಗೆ ಮೊದಲೇ ಗೊತ್ತು. ಕಂಪ್ಲಿಯವರ ಮೇಲೆ ಮೊದಲನೇ ಮ್ಯಾಚಿನಲ್ಲಿ ನಿಜವಾದ ಚೆಂಡು ಕೊಟ್ಟಾಗ ಅವರ ಕಣ್ಣಿಗೆ ಕತ್ತಲೆ ಬರುವಂತೆ ಐದು ಗೋಲು ಹೊಡೆದರು. ಬರಿಗಾಲಲ್ಲಿ!

ಯಾರಿಗಾದರೂ ಇದು ಸಂತೋಷದ ವಿಷಯ. ಮಾವನಿಗೆ? "ಐದು ಗೋಲು ಅಂದ್ರ ಜಾಸ್ತಿ ಆತು. ಕಂಪ್ಲಿಯವ್ರು ಬೇಕಂತ ಸೋತಾರ. ನಮ್ಮ ಕಡಿಯವ್ರು ಯಾರೋ ಒಬ್ರು ಅವ್ರ ಕೂಡ ಮಾತಾಡ್ಯಾರ." ಕಂಪ್ಲಿಯವರು ಸೋಲುವುದಕ್ಕೆ ನಮ್ಮವರಿಗೆ ಯಾಕೆ ಲಂಚ ಕೊಡಬೇಕು ಎಂದು ನಾನು ಕೇಳಿದೆ. "ಅದ ನಂಗೂ ತಿಳಿವಲ್ದು. ಅದಕ್ಕ ಅನುಮಾನ ಜಾಸ್ತಿ" ಎಂದರು.

ಇಲ್ಲಿಂದ ತೂಕದ ಬುಕ್ಕು ಶುರುವಾಯಿತು. ಭತ್ತ ಗಿರಣಿಗೆ ಬಿದ್ದರೆ ತೂಕ ಇಳಿಯಲೇಬೇಕು. ಇಳಿಯದಿದ್ದರೆ ಎಲ್ಲೋ ಮೋಸ ಇದೆ ಎಂದು ಅರ್ಥ. ಮನುಷ್ಯನಿಗೂ ಮಾವ ಅದೇ ನಿಯಮ ಹಾಕಿದರು. ಮ್ಯಾಚಿಗೆ ಮೊದಲು ಅಂಗಿ ತೆಗೆದು ಕಾಟಾ ಹತ್ತಬೇಕು, ಮ್ಯಾಚು ಮುಗಿದ ಮೇಲೆ ಮತ್ತೆ ಹತ್ತಬೇಕು. ಎರಡು ಸೇರು ಇಳಿದಿದ್ದರೆ ಮನಸ್ಸಿಟ್ಟು ಆಡಿದ್ದಾನೆ. ಒಂದು ಸೇರಾದರೆ ಮೈಗಳ್ಳ. ಏನೂ ಇಳಿಯದಿದ್ದರೆ ಮಾರಿಕೊಂಡಿದ್ದಾನೆ!

ಎಲ್ಲರೂ ಇಳಿದರು. ಹುಲುಗಪ್ಪ ಮಾತ್ರ ಇಳಿಯಲಿಲ್ಲ. ಪಾಪ, ಹೇಗೆ ಇಳಿದಾನು? ನಮ್ಮವರು ಆಡುವ ಭರಕ್ಕೆ ಚೆಂಡು ಅವನ ಕಡೆ ಬರುತ್ತಲೇ ಇರಲಿಲ್ಲ. ಒಂದು ಸಲವಂತೂ ಅರ್ಧ ಸೇರು ಏರಿಬಿಟ್ಟ!

"ಏನಲೇ ಇದು? ಏನ್ ಕೊಟ್ರು ಕಂಪ್ಲಿಯವ್ರು?"

"ನಾಕು ಮಿರ್ಚಿ, ಒಂದು ಪೊಟ್ಣ ಮಂಡಕ್ಕಿರಿ ಸಾವ್ಕಾರ್ರ. ಅವ್ರು ಕೊಡ್ಲಿಲ್ರಿ, ನಾನ ತೊಗೊಂಡೆ. ಗೋಲಿನ ಹಿಂದ ಗಾಡಿ ನಿಂತಿತ್ತು, ಮಾಡಾಕ ಬ್ಯಾರೆ ಕೆಲಸ ಇರ್ಲಿಲ್ಲ."

ಮಾವ ಬುಕ್ಕಿನಲ್ಲಿ ಅವನ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಸಿದರು. ಮೂರು ವರ್ಷದಲ್ಲಿ ಆ ಗೆರೆಗಳಿಂದಲೇ ಎರಡು ಪುಟ ತುಂಬಿತ್ತು.

ಇನ್ನೊಂದು ಸಲ, ಕಾಲುವೆ ದಂಡೆಯ ಮೇಲೆ ಕಂಪ್ಲಿಯ ಗೂಢಚಾರರು ಓಡಾಡುತ್ತಾರೆಂದು ಅಭ್ಯಾಸವನ್ನು ಹಂಪಿ ಬಜಾರಿಗೆ ಸಾಗಿಸಿದರು. ಉದ್ದನೆಯ ಬಯಲು ಬೀದಿ, ದೂರದಿಂದ ಬಂದವರು ಕಾಣುತ್ತಾರೆ ಎಂಬುದು ಅವರ ಲೆಕ್ಕ. ಬೀದಿಯ ಎರಡೂ ಕಡೆ ಕಲ್ಲಿನ ಮಂಟಪಗಳು, ಮಂಟಪಕ್ಕೆಲ್ಲ ಕಂಬಗಳು, ಕಂಬದ ಹಿಂದೆ ಮನುಷ್ಯ ನಿಲ್ಲಬಹುದೆಂಬುದು ಅಲ್ಲಿ ಹೋದ ಮೇಲೇ ಹೊಳೆದದ್ದು! ಅಭ್ಯಾಸ ಮುಗಿಯುವವರೆಗೆ ಮಾವ ಒಂದೊಂದು ಕಂಬದ ಹಿಂದೆ ಇಣುಕುತ್ತಾ ಹೋದರು. ಕಡೆಗೆ ಒಬ್ಬ ಬೈರಾಗಿ ಸಿಕ್ಕಿಬಿದ್ದ.

"ಯಾರು ನೀನು?"

"ಅದನ್ನ ತಿಳಕೊಳ್ಳಾಕ ಹನ್ನೆರಡು ವರ್ಷದಿಂದ ಕುಂತೀನಪ್ಪ."

ಮಾವ ನನ್ನ ಕಡೆ ತಿರುಗಿದರು. "ನೋಡಿದೇನು? ಹೆಸರು ಮುಚ್ಚಿಡ್ತಾನ!"

ಸಂಡೂರಿನಲ್ಲಿ ಗೆದ್ದು ಬಂದಾಗ ಚೆಂಡು ಕೆಂಪಗಾಗಿತ್ತು, ತೂಕವೂ ಹೆಚ್ಚಿತ್ತು. ಅಲ್ಲಿಯ ಗುಡ್ಡದ ಮಣ್ಣೇ ಹಾಗೆ, ಹತ್ತಿದರೆ ಬಿಡುವುದಿಲ್ಲ. ಆದರೆ ಸಂಡೂರು ಆಗ ಬೇರೆ ಸಂಸ್ಥಾನ. ಗಡಿ ದಾಟಿದ ಚೆಂಡು ಅದೇ ಚೆಂಡೆಂದು ಏನು ಖಾತ್ರಿ? ಸೀಗೆಕಾಯಿ ಹಾಕಿ ಮೂರು ಸಲ ತೊಳೆಸಿ, ಒಣಗಿಸಿ, ತೂಗಿ, ಹಳೆಯ ಹೊಲಿಗೆಗಳನ್ನು ಎಣಿಸಿದ ಮೇಲೆ ಅದಕ್ಕೆ ತಿಜೋರಿಯಲ್ಲಿ ಪುನಃಪ್ರವೇಶವಾಯಿತು.

ನಗಬೇಡಿ! ಕಂಪ್ಲಿ ಆಯಿತು, ಸಂಡೂರು ಆಯಿತು, ಬಳ್ಳಾರಿಯ ಷೀಲ್ಡೂ ಬಂತು. ಮರುವರ್ಷ ಮದ್ರಾಸಿನಿಂದಲೇ ಕಾಗದ ಬಂತು, ಅಲ್ಲಿಯ ಕಪ್ಪಿಗೆ ಆಡಲು ಬನ್ನಿ ಎಂದು. ಅಲ್ಲಿಗೆ ಮಾವನ ಕಾಲು ನೆಲ ಬಿಟ್ಟಿತು. ಗುಂತಕಲ್ಲಿನಿಂದ ನಾಲ್ಕು ಜನ ಪಳಗಿದ ಆಟಗಾರರನ್ನು ಸಂಬಳಕ್ಕೆ ಕರೆತಂದರು. ಅವರು ಅಲ್ಲಿದ್ದ ಕೆಲಸ ಬಿಟ್ಟು ಬಂದು ಗಿರಣಿಯ ಗೋದಾಮಿನಲ್ಲಿ ಇಳಿದರು. ಎಲ್ಲರಿಗೂ ಬೂಟು ಬಂತು. ಬೂಟಿಗೆ ಎರಡನೇ ತಿಜೋರಿ ಬಂತು. ತಿಜೋರಿ ಕಾಯಲು ಒಬ್ಬ, ಅವನನ್ನು ಕಾಯಲು ಇನ್ನೊಬ್ಬ. ರೆಫರಿ ಯಾರ ಮನೆಯಲ್ಲಿ ಊಟ ಮಾಡುತ್ತಾನೆಂದು ನೋಡಲು ಒಬ್ಬ. ಮದ್ರಾಸಿನ ರೈಲು ಹತ್ತಿದಾಗ ಎಣಿಸಿದೆ: ಹನ್ನೊಂದು ಆಟಗಾರರು, ಅವರ ಮೇಲೆ ಕಣ್ಣಿಡಲು ಹದಿಮೂರು ಜನ! ಇಷ್ಟಕ್ಕೆಲ್ಲ ಆಧಾರ ಹಿಡಿ ಅಕ್ಕಿ.

ಮದ್ರಾಸಿನಲ್ಲಿ ಎರಡು ಮ್ಯಾಚು ಗೆದ್ದೆವು. ಮೂರನೆಯದರಲ್ಲಿ ಒಂದು ಚೆಂಡು ಹುಲುಗಪ್ಪನ ಕಡೆ ಬಂತು. ಎಷ್ಟು ಕಾಲವಾಗಿತ್ತೋ ಚೆಂಡು ಅವನ ಕಡೆ ಬಂದು! ಮನೆಗೆ ನೆಂಟರು ಬಂದಂತೆ ಅವನು ಬೆರಗಾಗಿ ನೋಡುತ್ತ ನಿಂತ, ಅದು ಒಳಗೆ ಹೋಯಿತು. ಸೋತೆವು. ಮಾವ ಅವನನ್ನು ಮದ್ರಾಸ್ ಸ್ಟೇಷನ್ನಿನ ಪಾರ್ಸೆಲ್ ತೂಗುವ ಕಾಟಾದ ಮೇಲೆ ಹತ್ತಿಸಿದರು. ಒಂದು ಗುಲಗಂಜಿಯೂ ಇಳಿದಿರಲಿಲ್ಲ.

"ಎಷ್ಟಕ್ಕ ಮಾರ್ಕೊಂಡಿ?"

"ಹುಲಿಗೆಮ್ಮನಾಣಿ, ಇಲ್ರಿ ಸಾವ್ಕಾರ್ರ!" ಅಷ್ಟು ದೊಡ್ಡ ಆಳು ಪ್ಲಾಟ್‌ಫಾರಮ್ಮಿನ ಮೇಲೆ ಎಲ್ಲರೆದುರು ಅತ್ತುಬಿಟ್ಟ.

"ಆಣಿ ಮಾಡೋರನ್ನ ಕಂಡ್ರ ನಂಗ ಇನ್ನೂ ಅನುಮಾನ" ಎಂದು ಮಾವ ಡಬ್ಬಿ ಹತ್ತಿದರು. ನನಗೂ ಮಾವನ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ.

ಅದೇ ವರ್ಷ ಯುದ್ಧದ ಬಿಸಿ ನಮ್ಮೂರಿಗೂ ತಟ್ಟಿ ಅಕ್ಕಿಗೆ ಕಂಟ್ರೋಲು ಬಂತು. ಭತ್ತವೆಲ್ಲ ಸರ್ಕಾರಕ್ಕೆ, ಗಿರಣಿಯ ಅಕ್ಕಿಗೆ ಅರಗಿನ ಮುದ್ರೆ, ಮನೆಗೆ ಕಾರ್ಡಿನ ಮೇಲೆ ತಲೆಗಿಷ್ಟು ಎಂದು ಅಳತೆ. ಭತ್ತದ ಗಾಡಿಗಳು ನಿಂತವು, ಚೆಂಡಿನ ಹಿಡಿ ನಿಂತಿತು. ಬೂಟಿನ ಅಂಗಡಿಯವನು ಕಾಗದದ ಮೇಲೆ ಕಾಗದ ಬರೆದ. ಕಾವಲಿನವರು ಒಬ್ಬೊಬ್ಬರೇ ಹೇಳದೆ ಕೇಳದೆ ಹೋದರು. ಗುಂತಕಲ್ಲಿನ ನಾಲ್ವರಿಗೆ ಸಂಬಳವಿಲ್ಲ. ಊರಿಗೆ ಹೋದರೆ ಹಳೆಯ ಕೆಲಸವಿಲ್ಲ. ಹೊಸಪೇಟೆಯಲ್ಲಿ ಅವರ ಹೆಸರಿಗೆ ಕಾರ್ಡೂ ಇಲ್ಲ.

"ಕ್ಲಬ್ಬು ಮುಚ್ಚಿಬಿಡ್ರಿ ಮಾವ" ಎಂದೆ.

"ಮುಚ್ಚಿದ್ರ ಕಂಪ್ಲಿಯವ ಊರಿಗೆಲ್ಲಾ ಸಕ್ಕರಿ ಹಂಚ್ತಾನ."

"ಸಕ್ಕರಿಗೂ ಕಂಟ್ರೋಲು ಐತ್ರಿ ಮಾವ."

"ಅವ ಮೊದ್ಲ ತಂದಿಟ್ಟಿರ್ತಾನ. ನಂಗೊತ್ತಿಲ್ಲೇನು?"

ಮಾವ ತಮ್ಮ ಕುದುರೆ, ಟಾಂಗಾ ಎರಡನ್ನೂ ಮಾರಿದರು. ಯಾಕೆ ಎಂದರೆ, "ಆ ಕುದುರಿ ನೋಟ ಸರಿ ಇಲ್ಲ, ಇತ್ತಿತ್ಲಾಗ ನನ್ನ ಓರೆಗಣ್ಣಿಂದ ನೋಡ್ತಿತ್ತು" ಎಂದರು. ಮಧ್ಯಾಹ್ನದ ಊಟವನ್ನು ಮನೆಯಲ್ಲಿ ಮಾಡುವುದು ಬಿಟ್ಟರು. ಡಬ್ಬಿ ಕಟ್ಟಿಸಿಕೊಂಡು ಗಿರಣಿಗೆ ಹೋಗಿ ಅಲ್ಲೇ ಬಾಗಿಲು ಹಾಕಿಕೊಳ್ಳುವುದು. "ಅಡಿಗಿಮನಿಯಾಗ ಯಾರ‍್ಯಾರೋ ಓಡಾಡ್ತಾರ. ನಂಗ ನಂಬಿಕಿ ಇಲ್ಲ." ಮೂವತ್ತು ವರ್ಷ ಅನ್ನ ಬಡಿಸಿದ ಅತ್ತೆ ಮುಸುರೆ ಪಾತ್ರೆಗಳ ನಡುವೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೀಗೆ ಐದಾರು ತಿಂಗಳು ನಡೆಯಿತು.

ಇದರ ಮೇಲೆ ಪ್ರತಿ ಆದಿತ್ಯವಾರ ಮಾವ ಒಬ್ಬರೇ ಸಂಡೂರಿಗೆ ಹೋಗಿಬರತೊಡಗಿದರು. ಯಾಕೆಂದು ಹೇಳುವುದಿಲ್ಲ. ಮೊದಲೇ ಹೇಳಿದೆನಲ್ಲ, ಸಂಡೂರು ಬೇರೆ ಸಂಸ್ಥಾನ. ಬಳ್ಳಾರಿ ಕೋರ್ಟಿನ ಅಮೀನ ಜಪ್ತಿಗೆಂದು ಅಲ್ಲಿಗೆ ಕಾಲಿಡುವಂತಿಲ್ಲ. ಸಾಲಗಾರ ದುಡ್ಡು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕೇ? ಚಹಾದ ಹೋಟೆಲಿನಲ್ಲಿ ಜನ ಮಾತಾಡಿಕೊಂಡರು. "ಕ್ಲಬ್ಬಿನ ರೊಕ್ಕ ಸಂಡೂರು ಗುಡ್ಡ ಹತ್ತೈತಿ." ನಾನು ಕೇಳಿಸಿಕೊಂಡೆ, ಎದುರು ಮಾತಾಡಲಿಲ್ಲ. ಯಾಕೆಂದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಆರು ಜನ್ಮದ ಅನುಮಾನವನ್ನು ಮೂರು ವರ್ಷದಲ್ಲಿ ನನಗೆ ಕಲಿಸಿದವರು ಅವರೇ ಅಲ್ಲವೇ!

ಅಮಾವಾಸ್ಯೆಯ ದಿನ ಹಮಾಲರಿಗೆ ರಜೆ. ಅವತ್ತು ಮಧ್ಯಾಹ್ನ ಗಿರಣಿಯಲ್ಲಿ ಕ್ಲಬ್ಬಿನ ಸಭೆ ಕರೆದೆ. ಆಟಗಾರರು, ಬಾಕಿ ಬರಬೇಕಾದವರು, ಸುಮ್ಮನೆ ನೋಡಲು ಬಂದವರು ಎಲ್ಲರೂ ಖಾಲಿ ಚೀಲಗಳ ಮೇಲೆ ಕೂತಿದ್ದರು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ನಾನು ಕೇಳಿಯೇಬಿಟ್ಟೆ.

"ಮಾವ, ವಾರವಾರ ಸಂಡೂರಿಗೆ ಯಾಕ ಹೋಗ್ತೀರಿ?"

"ಅದು ನನ್ನ ಖಾಸಗಿ."

ಗುಸುಗುಸು ಎದ್ದಿತು. ನನ್ನ ತಲೆಗೂ ಸಿಟ್ಟು ಏರಿತು. "ಹಂಗಾದ್ರ ಕಾಟಾ ಹತ್ರಿ. ತೂಕ ಇಳೀದವ ಮೋಸಗಾರ ಅಂತ ನೀವ ಮಾಡಿದ ನಿಯಮ ಅಲ್ರಿ? ಮೊದಲ್ನೇ ಹೆಸರೂ ನಿಮ್ದ ಐತಿ."

ಮಾವ ಎದ್ದು ಕಾಟಾದ ತಟ್ಟೆಗಳನ್ನು ಮಗುಚಿ, ಅಡಿಗೆ ಯಾರಾದರೂ ಹುಣಸೆಹಣ್ಣು ಮೆತ್ತಿದ್ದಾರೇನೋ ಎಂದು ಕೈಯಾಡಿಸಿ ನೋಡಿದರು. ತೂಕದ ಗುಂಡುಗಳನ್ನು ಒಂದೊಂದಾಗಿ ತಟ್ಟಿದರು. ನಿಯಮದಂತೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ತಟ್ಟೆಯಲ್ಲಿ ಕೂತರು. ಅವರನ್ನು ಕೋಟಿಲ್ಲದೆ ನೋಡಿ ಎಷ್ಟು ದಿನವಾಗಿತ್ತೋ! ಅಂಗಿಯೊಳಗೆ ಮನುಷ್ಯನೇ ಇರಲಿಲ್ಲ.

ಹುಲುಗಪ್ಪ ಎದುರು ತಟ್ಟೆಗೆ ಏಳು ಮಣದ ಗುಂಡು ಇಟ್ಟ. ಮಾವ ಕೂತ ತಟ್ಟೆ ಸರ್ರನೆ ಮೇಲೇರಿ ಅವರ ತಲೆ ತೊಲೆಗೆ ತಾಗುವಷ್ಟಾಯಿತು. ಯಾರೂ ನಗಲಿಲ್ಲ. ಅವನು ಒಂದು ಗುಂಡು ತೆಗೆದ, ಇನ್ನೂ ಒಂದು ತೆಗೆದ. ಕಡೆಗೆ ಕಾಟಾ ಸಮವಾಗಿ ನಿಂತಾಗ ಒಂದೂವರೆ ಮಣ ಕಮ್ಮಿ. ನಮ್ಮ ಕ್ಲಬ್ಬಿನಲ್ಲಿ ಯಾವ ಆಟಗಾರನೂ ಅಷ್ಟು ಇಳಿದಿರಲಿಲ್ಲ.

"ಕಾಟಾ ಸರಿ ಇಲ್ಲ" ಎಂದರು ಮಾವ, ಮೇಲಿನಿಂದಲೇ. "ಯಾರೋ ಕೈ ಹಾಕ್ಯಾರ."

"ಕಾಟಾ ಸರಿ ಐತಿ!" ಅತ್ತೆ ಅಷ್ಟು ಜನ ಗಂಡಸರ ಮುಂದೆ ದನಿ ಎತ್ತಿದ್ದು ಅದೇ ಮೊದಲು. "ಹುಟ್ಟಿದಾಗಿಂದ ಬದ್ನಿಕಾಯಿ ಮುಟ್ಟದ ಮನ್ಷ್ಯಾ. ಈಗ ಬದ್ನಿಕಾಯಿ ಪಲ್ಯ ಹಾಕಿ ಕಳಿಸಿದ್ರೂ ಡಬ್ಬಿ ಬೆಳಗಿದಂಗ ಬರ್ತದ. ಯಾರು ತಿಂತಾರ ಅದನ್ನ? ಕೇಳ್ರಿ!"

ಗುಂತಕಲ್ಲಿನ ನಾಲ್ವರು ತಲೆ ತಗ್ಗಿಸಿದರು. ಒಬ್ಬ ಎದ್ದು ನಿಂತ. "ನಾವೇ ತಿಂತಿದ್ದು ಅಮ್ಮಾ. ಸಾವ್ಕಾರ್ ಗಾರು ದಿನಾ ಡಬ್ಬಿ ತಂದು ಕೊಡ್ತಾರು. ಇದ್ರಾಗ ಯಾರೋ ವಿಷ ಹಾಕಿದ್ದಾರು, ತಿಂದು ನೋಡ್ರಿ ಅಂತಾರು. ಒಂದು ತುತ್ತು ತಿಂದು ಏನೂ ಇಲ್ಲ ಅಂದ್ರೆ, ತಳದಾಗ ಹಾಕಿರ್ತಾರ, ಪೂರ್ತಿ ತಿಂದ್ರೇನೇ ಗೊತ್ತಾಗೋದು ಅಂತಾರು."

ನನ್ನ ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಆ ಮಾವನ ಅಳಿಯನಲ್ಲವೇ ನಾನು! ಇಂಗ್ಲಿಷಿನ ಕಾಗದವೊಂದಿತ್ತು. ಸಂಡೂರಿನ ಮ್ಯಾಂಗನೀಸ್ ಗಣಿಯ ಗುತ್ತಿಗೆದಾರರೊಬ್ಬರು ಬರೆದದ್ದು. ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ತಾವು ವಾರವಾರ ನಮ್ಮ ಗುಡ್ಡ ಹತ್ತಿ ಬಂದು ಕೇಳುತ್ತಿರುವುದರಿಂದ ಗುಂತಕಲ್ಲಿನ ನಾಲ್ವರಿಗೆ ಬರುವ ತಿಂಗಳಿನಿಂದ ಕೆಲಸ ಕೊಡುತ್ತೇವೆ. ಉಗ್ರಾಣದ ಕಾವಲಿಗೆ ಮಾತ್ರ ತೀರ ನಂಬಿಕಸ್ಥನೇ ಬೇಕಾಗಿತ್ತು. ಹುಲುಗಪ್ಪ ಎಂಬವನಿಗೆ ತಾವು ಸ್ವಂತ ಜಾಮೀನು ನಿಂತಿರುವುದರಿಂದ ಅವನನ್ನೂ ಕಳಿಸಬಹುದು.

ಹುಲುಗಪ್ಪನ ಕೈಯಿಂದ ಗುಂಡು ಜಾರಿ ನೆಲಕ್ಕೆ ಬಿತ್ತು.

"ಸ್ಟೇಷನ್ ಮಾಸ್ತರ ಬ್ಯಾರೆ ಥರ ಓದಿದ್ದ" ಎಂದರು ಮಾವ. ಅವರ ದನಿ ಸಣ್ಣಗಾಗಿತ್ತು. "ಮನಿ ಮಠ ಬಿಟ್ಟು ನನ್ನ ನಂಬಿ ಬಂದಾರಲೇ ಅಳಿಯಾ. ನಂಬಿದೋರನ್ನ ಏನ್ ಮಾಡ್ಬೇಕಂತ ನಂಗ ತಿಳೀಲಿಲ್ಲ."

ಹುಲುಗಪ್ಪ ಅವರನ್ನು ಎರಡೂ ಕೈಯಿಂದ ಎತ್ತಿ ಮೆಲ್ಲಗೆ ಕೆಳಗಿಳಿಸಿದ. ನಾನು ಕೋಟು ತೊಡಿಸಿದೆ. ಒಂದೊಂದಾಗಿ ಗುಂಡಿ ಹಾಕಿದೆ. "ತಪ್ಪಾತ್ರಿ ಮಾವ" ಎಂದೆ.

"ಏನ್ ತಪ್ಪು? ಸೆಕ್ರೆಟ್ರಿ ಅಂದ್ರ ಹಂಗ ಇರ್ಬೇಕು. ನೀನೂ ಹತ್ತು ಒಮ್ಮೆ. ಇತ್ತಿತ್ಲಾಗ ದಪ್ಪ ಆಗೀದಿ."

ಕ್ಲಬ್ಬು ಉಳಿಯಲಿಲ್ಲ. ಎರಡು ತಿಜೋರಿ, ಬೂಟು, ಷೀಲ್ಡಿನ ಬೆಳ್ಳಿ ಎಲ್ಲ ಮಾರಿ ಬಾಕಿ ತೀರಿಸಿದೆವು. ಚೆಂಡನ್ನು ಯಾರೂ ಕೇಳಲಿಲ್ಲ. ಗಾಳಿ ಇಳಿದು ಮೆತ್ತಗಾಗಿತ್ತು. ಐವರೂ ಸಂಡೂರಿಗೆ ಹೊರಟ ದಿನ ಹುಲುಗಪ್ಪ ಹೇಳಿಹೋಗಲು ಗಿರಣಿಗೆ ಬಂದ. ಮಾವ ಚೆಂಡು ತಂದು ಅವನ ಕೈಯಲ್ಲಿಟ್ಟರು. "ಒಯ್ಯಿ. ಅಲ್ಲಿ ನಿಂಗ ಹೊತ್ತು ಹೋಗ್ಬೇಕಲ್ಲ." ಅವನು ಮೂರು ವರ್ಷದ ರೂಢಿಯಂತೆ ಚೆಂಡನ್ನು ನೇರವಾಗಿ ಕಾಟಾದ ತಟ್ಟೆಯಲ್ಲಿಟ್ಟು, ತೂಕದ ಗುಂಡು ಎತ್ತಿಕೊಳ್ಳಲು ಬಗ್ಗಿದ.

"ಬ್ಯಾಡ" ಎಂದರು ಮಾವ. "ತೂಗಬ್ಯಾಡ."

ಆ ಗಿರಣಿಯಿಂದ ತೂಗದೆ ಹೊರಗೆ ಹೋದದ್ದನ್ನು ನಾನು ಕಂಡದ್ದು ಅದೊಂದನ್ನೇ.